ಓಡುವಾಗ ಪ್ರಜ್ಞೆ ತಪ್ಪಿದರೆ: ಹೃದಯದ ಸಿ.ಟಿ. ಮಾಡಿಸುವುದು ಹೇಗೆ?

ಪೊಲೀಸ್ ನೇಮಕಾತಿಯ 1,600 ಮೀಟರ್ ಓಟಕ್ಕೆ ತಾಲೀಮು ನಡೆಸುವ ಹುಡುಗ ಕಲಬುರಗಿಯ ಮೈದಾನದಲ್ಲಿ ಕುಸಿದರೆ, ತಪ್ಪೆಲ್ಲ ಬಿಸಿಲಿನ ಮೇಲೆ ಹೊರಿಸುತ್ತೇವೆ. ಬಿಸಿಲಿಗೆ ಬೀಳುವವರಿದ್ದಾರೆ, ನಿಜ. ಆದರೆ ಓಟದ ನಡುವೆಯೇ ಪ್ರಜ್ಞೆ ತಪ್ಪಿದರೆ, ಎದೆ ಹಿಂಡಿದಂತಾದರೆ, ಹೃದಯಕ್ಕೆ ರಕ್ತ ಒಯ್ಯುವ ಕೊರೋನರಿ ನಾಳ ಹುಟ್ಟಿನಿಂದಲೇ ತಪ್ಪು ಜಾಗದಿಂದ ಹೊರಟಿರಲೂಬಹುದು. ಗ್ಲೂಕೋಸ್ ಕುಡಿಸಿ ಮನೆಗೆ ಕಳುಹಿಸಬೇಡಿ.

ಮೊದಲು ಇಸಿಜಿ, ಎಕೋ (ಹೃದಯದ ಅಲ್ಟ್ರಾಸೌಂಡ್). ಎರಡೂ ಸರಿ ಬಂದು ಅನುಮಾನ ಉಳಿದರೆ ವೈದ್ಯರು, ಡೈ ಚುಚ್ಚಿ ಹೃದಯದ ನಾಳಗಳ ಚಿತ್ರ ತೆಗೆಯುವ ಸಿ.ಟಿ. ಕೊರೋನರಿ ಆ್ಯಂಜಿಯೋಗ್ರಾಮ್ ಬರೆಯುತ್ತಾರೆ. ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಆಸ್ಪತ್ರೆ ಇರುವುದರಿಂದ ಯಾದಗಿರಿ, ಬೀದರ್‌ನವರು ಮೊದಲ ಸಲಹೆಗೆ ಬೆಂಗಳೂರಿನ ರೈಲು ಹತ್ತಬೇಕಿಲ್ಲ.

ಮುಂಚಿತವಾಗಿ ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್ ರಕ್ತ ಪರೀಕ್ಷೆ ಮಾಡಿಸಿ. ಚುಚ್ಚುವ ಅಯೋಡಿನ್ ಡೈ ಹೊರಹೋಗುವುದು ಮೂತ್ರಪಿಂಡದ ಮೂಲಕ. ಅಲರ್ಜಿ, ಅಸ್ತಮಾ, ಗರ್ಭ, ಸಕ್ಕರೆ ಕಾಯಿಲೆಯ ಮಾತ್ರೆ, ಯಾವುದನ್ನೂ ಮುಚ್ಚಿಡಬೇಡಿ. ಆ ದಿನ ಚಹಾ ಬೇಡ, ನಾಡಿಬಡಿತ ಏರುತ್ತದೆ.

ಎದೆಗೆ ಇಸಿಜಿ ತಂತಿ ಅಂಟಿಸಿ, ಮೊಣಕೈ ಬಳಿ ಸೂಜಿ ಹಾಕುತ್ತಾರೆ. ನಾಡಿ ನಿಮಿಷಕ್ಕೆ 60ರ ಆಸುಪಾಸಿಗೆ ಇಳಿಯಲು ಮಾತ್ರೆ, ನಾಳ ಹಿಗ್ಗಲು ನಾಲಿಗೆಯಡಿ ನೈಟ್ರೋಗ್ಲಿಸರಿನ್ ಕೊಡಬಹುದು. ಡೈ ಒಳಹೋದಾಗ ಮೈಯೆಲ್ಲ ಬಿಸಿಯಾಗಿ, ಮೂತ್ರ ಹೋದಂತೆಯೇ ಅನಿಸುತ್ತದೆ. ಹೋಗಿರುವುದಿಲ್ಲ, ಹುಡುಗರಿಗೆ ಇದನ್ನು ಮೊದಲೇ ಹೇಳಿದರೆ ಗಾಬರಿಯಿಂದ ಅಲುಗಾಡುವುದಿಲ್ಲ. ಉಸಿರು ಹಿಡಿಯಬೇಕಾದದ್ದು ಕೆಲವೇ ಸೆಕೆಂಡು. ಆಗ ಅಲುಗಿದರೆ ಚಿತ್ರ ಮಸುಕು.

ವರದಿ ಬಂದಾಗ ‘ಬ್ಲಾಕ್ ಇಲ್ಲ’ ಎಂಬ ಮಾತಿಗೇ ಸಮಾಧಾನಪಡಬೇಡಿ. ಇಲ್ಲಿ ಹುಡುಕುವುದು ಬ್ಲಾಕನ್ನಲ್ಲ. ನಾಳ ಎಲ್ಲಿಂದ ಹೊರಟಿದೆ? ಅದರ ಬಾಯಿ ದುಂಡಗಿದೆಯೋ, ಸೀಳಿನಂತಿದೆಯೋ? ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳವಾದ ಮಹಾಪಧಮನಿಯ ಗೋಡೆಯೊಳಗೆ ಸಾಗಿದೆಯೇ? ಮಹಾಪಧಮನಿ ಮತ್ತು ಶ್ವಾಸಕೋಶದ ಅಪಧಮನಿಯ ನಡುವೆ ನುಸುಳಿದೆಯೇ? ಒಂದೊಂದನ್ನೂ ಕೇಳಿ. ಮಹಾಪಧಮನಿಯ ಬಲಗಡೆಯಿಂದ ಹೊರಟು ಈ ಎರಡು ಅಪಧಮನಿಗಳ ನಡುವೆ ಸಾಗುವ ಎಡ ಕೊರೋನರಿಯೇ ಹೆಚ್ಚು ಅಪಾಯಕಾರಿ. ಜೋರು ಓಟದಲ್ಲಿ ಹೃದಯಕ್ಕೆ ರಕ್ತ ಹೆಚ್ಚು ಬೇಕಾದ ಹೊತ್ತಿಗೇ ಹರಿವು ತಗ್ಗಬಹುದು. ನಾಳದ ಮೇಲೆ ಸ್ನಾಯು ಹಾದಿರುವ ‘ಬ್ರಿಡ್ಜ್’ ಮಾತ್ರ ಅನೇಕರಲ್ಲಿರುತ್ತದೆ, ಬಹುಪಾಲು ನಿರಪಾಯಕಾರಿ.

ವರದಿಯ ಹಾಳೆಯ ಜೊತೆಗೆ ಚಿತ್ರಗಳ ಸಿ.ಡಿ.ಯನ್ನೂ ಕೇಳಿ ಪಡೆಯಿರಿ. ಶಸ್ತ್ರಚಿಕಿತ್ಸೆ ಬೇಕೇ ಎಂದು ನಿರ್ಧರಿಸುವವರು ಚಿತ್ರವನ್ನೇ ನೋಡುತ್ತಾರೆ. ಅವರು ಒಪ್ಪುವವರೆಗೆ, ನೇಮಕಾತಿಯ ದಿನ ಎಷ್ಟೇ ಹತ್ತಿರವಿದ್ದರೂ, ಹುಡುಗನನ್ನು ಮೈದಾನಕ್ಕೆ ಇಳಿಸಬೇಡಿ.