ಕಷ್ಟದ ದಿನಗಳಲ್ಲಿ ನಂಬಿಕೆಯನ್ನು ಹಿಡಿದುಕೊಂಡ ಬಗೆ: ನನ್ನ ಅನುಭವ

ಮನೆಯಲ್ಲಿ ಒಬ್ಬರು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿರುವಾಗ ನಂಬಿಕೆ ಒಂದೇ ಏಟಿಗೆ ಮುರಿಯುವುದು ಅಪರೂಪ. ಮೊದಲು ಬೆಳಗಿನ ಪ್ರಾರ್ಥನೆ ತಪ್ಪುತ್ತದೆ. ಆಮೇಲೆ ಭಾನುವಾರದ ಆರಾಧನೆ. ಕೊನೆಗೆ ಸತ್ಯವೇದ (ಬೈಬಲ್) ಎಲ್ಲಿಟ್ಟಿದ್ದೇವೆ ಎನ್ನುವುದೂ ಮರೆಯುತ್ತದೆ. ಆದ್ದರಿಂದ ನಾನು ಮೊದಲು ಭದ್ರ ಮಾಡಿಕೊಂಡದ್ದು ದಿನಕ್ಕೆ ಹದಿನೈದು ನಿಮಿಷದ ಒಂದು ರೂಢಿಯನ್ನು. ಮನಸ್ಸಿದ್ದರೂ ಇಲ್ಲದಿದ್ದರೂ ಅದು ನಡೆಯಬೇಕು.

ಅದಕ್ಕೂ ಮುಂಚೆ ಊಟ, ನಿದ್ದೆ. ಸತ್ಯವೇದದ 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯನು ಸಾಯುವುದೇ ಮೇಲೆಂದು ಗಿಡದ ಕೆಳಗೆ ಮಲಗಿಬಿಡುತ್ತಾನೆ. ದೂತನು ಬಂದು ಅವನಿಗೆ ಉಪದೇಶ ಹೇಳುವುದಿಲ್ಲ. ತಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ತೋರಿಸುತ್ತಾನೆ. ಉಂಡವನು ಮತ್ತೆ ಮಲಗುತ್ತಾನೆ. ಎರಡನೆಯ ಸಲವೂ ಅದೇ ಆಗುತ್ತದೆ. ಹೋರೇಬ್ ಬೆಟ್ಟದ ದಾರಿ, 40 ದಿನದ ನಡಿಗೆ, ದೇವರ ಮೆಲುದನಿ ಎಲ್ಲವೂ ಅದರ ನಂತರ. ರೋಗಿಯನ್ನು ನೋಡಿಕೊಳ್ಳುವವರು ಇರುಳೆಲ್ಲ ಎಚ್ಚರವಿದ್ದು, ಬೆಳಗಿನ ನಾಲ್ಕಕ್ಕೆ ಮೊಣಕಾಲೂರಲು ಹೊರಟರೆ ಒಂದೇ ವಾರದಲ್ಲಿ ಸೋತುಹೋಗುತ್ತಾರೆ. ಹಾಗೆ ಸೋತದ್ದು ಮೈ. ನಾವು ಮಾತ್ರ ನಂಬಿಕೆ ಸೋತಿತೆಂದು ತಿಳಿದು ಕೊರಗುತ್ತೇವೆ. ಇರುಳು ಪಾಳಿ ಇದ್ದ ದಿನ ನಾನು ಹದಿನೈದು ನಿಮಿಷವನ್ನು ಮಧ್ಯಾಹ್ನದ ಊಟದ ನಂತರಕ್ಕೆ ಇಟ್ಟುಕೊಂಡೆ.

ಓದುವುದಕ್ಕೆ ಕೀರ್ತನೆಗಳು, ಸತ್ಯವೇದದ ಪ್ರಾರ್ಥನೆಯ ಹಾಡುಗಳು. 150ರಲ್ಲಿ ಸುಮಾರು ಮೂರನೆಯ ಒಂದು ಭಾಗ ಅಳಲಿನ ಹಾಡುಗಳೇ. ಸಭೆಯಲ್ಲಿ (ಚರ್ಚಿನಲ್ಲಿ) ಸ್ತೋತ್ರದ ಹಾಡುಗಳನ್ನೇ ಹೆಚ್ಚು ಹಾಡಿ ರೂಢಿಯಾಗಿರುವುದರಿಂದ ಇವು ನಮ್ಮ ಕಿವಿಗೆ ಹೊಸದಾಗಿ ಕೇಳಿಸುತ್ತವೆ. ನಾನು ವಾರಕ್ಕೆ ಹೀಗೆ ಹಂಚಿಕೊಂಡೆ: ಸೋಮವಾರ 13, ಮಂಗಳವಾರ 42 ಮತ್ತು 43, ಬುಧವಾರ 77, ಗುರುವಾರ 31, ಶುಕ್ರವಾರ 22, ಶನಿವಾರ 88, ಭಾನುವಾರ 30. 42ನ್ನೂ 43ನ್ನೂ ಬೇರ್ಪಡಿಸಬಾರದು. ಎರಡರಲ್ಲೂ ಒಂದೇ ಪಲ್ಲವಿ ಬರುತ್ತದೆ, ಕುಗ್ಗಿದ ತನ್ನ ಮನಸ್ಸನ್ನು ಕೀರ್ತನೆಕಾರನೇ ಮಾತಾಡಿಸುವ ಪಲ್ಲವಿ. ಶುಕ್ರವಾರದ 22ರ ಮೊದಲ ಮಾತು ಶಿಲುಬೆಯ ಮೇಲೆ ಯೇಸುಸ್ವಾಮಿಯ ಬಾಯಿಂದ ಬಂದ ಕೂಗು. ಶನಿವಾರದ 88ರಲ್ಲಿ 18 ವಚನಗಳಿವೆ. ಕೊನೆಯವರೆಗೂ ಬೆಳಕಿಲ್ಲ, ಮುಗಿಯುವುದೂ ಕತ್ತಲೆಯಲ್ಲೇ. ಯೇಸು ಸಮಾಧಿಯಲ್ಲಿದ್ದ ದಿನಕ್ಕೆ ಅದಕ್ಕಿಂತ ಹೊಂದುವ ಪ್ರಾರ್ಥನೆ ನನಗೆ ಸಿಕ್ಕಿಲ್ಲ. ಅದನ್ನು ಓದಿದ ಬೆನ್ನಿಗೇ ಸಮಾಧಾನಕ್ಕೆಂದು ಇನ್ನೊಂದು ಕೀರ್ತನೆಗೆ ಹಾರಬಾರದು. ಇಷ್ಟು ಕತ್ತಲೆಯ ಪ್ರಾರ್ಥನೆಗೂ ಸತ್ಯವೇದದಲ್ಲಿ ಜಾಗ ಸಿಕ್ಕಿದೆ ಎನ್ನುವುದೇ ಆ ದಿನಕ್ಕೆ ಸಾಕಾದ ಸುವಾರ್ತೆ. ಪುನರುತ್ಥಾನದ ಭಾನುವಾರ ತಾನಾಗಿ ಬರುತ್ತದೆ.

ಓದುವ ಬಗೆಯನ್ನು 13ನೇ ಕೀರ್ತನೆಯಲ್ಲೇ ತೋರಿಸುತ್ತೇನೆ; ಆರೇ ವಚನ. ಮೊದಲೆರಡರಲ್ಲಿ ‘ಎಷ್ಟರವರೆಗೆ’ ಎಂಬ ಕೇಳಿಕೆ ನಾಲ್ಕು ಸಲ. 3, 4ರಲ್ಲಿ ಬೇಡಿಕೆ. 5, 6ರಲ್ಲಿ ಭರವಸೆ ಮತ್ತು ಹಾಡು. ಇದನ್ನು ಗಟ್ಟಿಯಾಗಿ, ಪಕ್ಕದ ಕೋಣೆಗೆ ಕೇಳದಷ್ಟು ದನಿಯಲ್ಲಿ, ಎರಡು ಸಲ ಓದುತ್ತೇನೆ. ಕಣ್ಣಲ್ಲೇ ಓದಿದರೆ ದಣಿದ ತಲೆಯಲ್ಲಿ ಒಂದಕ್ಷರವೂ ನಿಲ್ಲದು. ಆಮೇಲೆ ನೋಟ್‌ಬುಕ್ಕಿನಲ್ಲಿ ಮೂರೇ ಸಾಲು. ಮೊದಲನೆಯದು ದೂರು: “ಕರ್ತನೇ, ಎಷ್ಟರವರೆಗೆ ಈ ಕ್ರಿಯಾಟಿನಿನ್ ಇಳಿಯುವುದಿಲ್ಲ?” (ಮೂತ್ರಪಿಂಡ ಸೋತಾಗ ರಕ್ತದಲ್ಲಿ ಏರುವ ಕಶ್ಮಲ ಅದು.) ಎರಡನೆಯದು ಇವತ್ತಿನ ಬೇಡಿಕೆ, ಇವತ್ತಿನದು ಮಾತ್ರ: “ಮಧ್ಯಾಹ್ನದ ಗಂಜಿ ವಾಂತಿಯಾಗದೆ ಹೊಟ್ಟೆಯಲ್ಲಿ ಉಳಿಯಲಿ.” ಮೂರನೆಯ ಸಾಲು ಭರವಸೆಗೆ. ನಿಜವಾಗಿ ಹೇಳಲಾಗದಿದ್ದರೆ ಅದನ್ನು ಖಾಲಿ ಬಿಡಬೇಕು. ನನ್ನ ನೋಟ್‌ಬುಕ್ಕಿನಲ್ಲಿ ಸಾಲಾಗಿ ಪುಟಗಟ್ಟಲೆ ಖಾಲಿ ಮೂರನೆಯ ಸಾಲುಗಳಿವೆ, ಅವೂ ಪ್ರಾರ್ಥನೆಯೇ. ತಿಂಗಳಿಗೊಮ್ಮೆ ಹಿಂದಿನ ಪುಟ ತಿರುವಿ, ನಡೆದ ಬೇಡಿಕೆಗಳ ಪಕ್ಕದಲ್ಲಿ ತಾರೀಕು ಬರೆಯುತ್ತೇನೆ. ಬುಧವಾರದ 77ನೇ ಕೀರ್ತನೆ ಮಾಡುವುದೂ ಇದನ್ನೇ. ಮೊದಲ ಒಂಬತ್ತು ವಚನ ನರಳಾಟ, ಆಮೇಲೆ ಹಳೆಯದನ್ನು ನೆನಪಿಸಿಕೊಳ್ಳುವುದು. ಸಮುದ್ರದಲ್ಲಿ ದಾರಿ ಮಾಡಿದವನ ಹೆಜ್ಜೆಗುರುತು ಮಾತ್ರ ಕಾಣಲಿಲ್ಲ ಎನ್ನುತ್ತದೆ ಆ ಹಾಡು.

ಎಲ್ಲಿ ತಪ್ಪುತ್ತದೆ ಎನ್ನುವುದನ್ನೂ ಹೇಳಬೇಕು. ಒಂದು ದಿನ ಬಿಟ್ಟುಹೋದರೆ ಮರುದಿನ ಎರಡನ್ನೂ ಸೇರಿಸಿ ಓದಲು ಹೋಗಬಾರದು. ಬಾಕಿ ಬೆಳೆದು ಸಾಲದಂತೆ ಹೆದರಿಸುತ್ತದೆ. ಬಿಟ್ಟದ್ದು ಬಿಟ್ಟಿತು, ಇವತ್ತಿನ ದಿನದ ಕೀರ್ತನೆ ತೆಗೆಯಿರಿ. ಕಣ್ಣು ಮುಚ್ಚಿ ಸತ್ಯವೇದ ತೆರೆದು, ಬೆರಳಿಟ್ಟ ವಚನವನ್ನೇ ದೇವರ ಉತ್ತರ ಎಂದುಕೊಳ್ಳುವುದು ಇನ್ನೂ ಅಪಾಯ. ರಿಪೋರ್ಟ್ ಬರುವ ದಿನ ಪ್ರಲಾಪಗಳು ಎಂಬ ಶೋಕಗೀತೆಗಳ ಪುಸ್ತಕದ ಒಂದು ವಚನ ಸಿಕ್ಕಿದರೆ ಮನೆಯೇ ಕುಸಿಯುತ್ತದೆ. ಸಕ್ಕರೆ ಕಾಯಿಲೆ ಇದ್ದವರು, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಪ್ರಾರ್ಥನೆಗೆ ಇಳಿಯಬಾರದು. ಊಟದ ಬದಲು ಬೇರೇನನ್ನಾದರೂ ಬಿಡಲಿ. ಪ್ರಾರ್ಥನೆಯಾಯಿತೆಂದು ಮಾತ್ರೆ ನಿಲ್ಲಿಸುವುದಂತೂ ಕೂಡದು. ಎರಡು ವಾರ ನಿದ್ದೆ, ಊಟ, ಕೆಲಸ ಯಾವುದೂ ಸರಿಹೋಗದಿದ್ದರೆ ವೈದ್ಯರಲ್ಲಿಗೆ ಹೋಗಬೇಕು. ಬದುಕೇ ಬೇಡವೆನಿಸಿದರೆ ಕಾಯದೆ ಆ ಹೊತ್ತಿಗೇ ಪಕ್ಕದವರಿಗೆ ಹೇಳಿ, ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬೇಕು, ಕನ್ನಡದಲ್ಲೂ ಮಾತಾಡುತ್ತಾರೆ. ಅದು ನಂಬಿಕೆಯ ಕೊರತೆಯಲ್ಲ, ಎಲೀಯನ ರೊಟ್ಟಿ.

ಒಂದೇ ಬೇಡಿಕೆಯನ್ನು ಮತ್ತೆ ಮತ್ತೆ ಬೇಡಿದರೆ ಅಪನಂಬಿಕೆಯೇ ಎಂದು ಕೆಲವರು ಕೇಳುತ್ತಾರೆ. ಶಿಲುಬೆಯ ಹಿಂದಿನ ರಾತ್ರಿ ಗೆತ್ಸೇಮನೆಯಲ್ಲಿ ಕರ್ತನಾದ ಯೇಸು ಮೂರನೆಯ ಸಲವೂ ಅದೇ ಮಾತುಗಳಲ್ಲಿ ಪ್ರಾರ್ಥಿಸಿದನು (ಮತ್ತಾಯ 26:44). ಅಪೊಸ್ತಲ ಪೌಲನು ತನ್ನ ಶರೀರವನ್ನು ಚುಚ್ಚುತ್ತಿದ್ದ ಶೂಲ (ಬಾಧೆ) ಹೋಗಲೆಂದು ಮೂರು ಸಲ ಬೇಡಿದನು. ಶೂಲ ಹೋಗಲಿಲ್ಲ, ಕೃಪೆ ಸಿಕ್ಕಿತು.

ಜನ ಸಭೆ ಬಿಡುವುದಕ್ಕೆ ಕಾಯಿಲೆಗಿಂತ ಹೆಚ್ಚಾಗಿ ಬಾಗಿಲಲ್ಲಿ ಎದುರಾಗುವ ಮಾತೇ ಕಾರಣ: “ಯಾವ ಪಾಪಕ್ಕೆ ಹೀಗಾಯಿತೋ?” ಯೋಹಾನ 9ರಲ್ಲಿ ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಕೇಳಿದ್ದೂ ಇದನ್ನೇ, ಇವನ ಪಾಪವೂ ಅಲ್ಲ, ತಂದೆತಾಯಿಯರದೂ ಅಲ್ಲ ಎಂದು ಯೇಸು ಹೇಳಿದನು. ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಮಾತಿಲ್ಲದೆ ನೆಲದ ಮೇಲೆ ಜೊತೆಗೆ ಕೂತರು. ಕೆಟ್ಟದ್ದು ಬಾಯಿ ತೆರೆದ ಮೇಲೆ. ಈ ಮಾತುಗಳನ್ನು ತಪ್ಪಿಸಿಕೊಳ್ಳಲು ನಾನು ಮೊದಲ ಹಾಡು ಶುರುವಾದ ಮೇಲೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಕರ್ತನ ಭೋಜನ (ರೊಟ್ಟಿ-ದ್ರಾಕ್ಷಾರಸದ ಸಂಸ್ಕಾರ) ತೆಗೆದುಕೊಂಡು, ಆಶೀರ್ವಾದ ಆದ ಕೂಡಲೆ ಹೊರಡುತ್ತಿದ್ದೆ. ಹಾಡಲು ಗಂಟಲು ಬಿಗಿದರೆ ಸುಮ್ಮನೆ ನಿಂತಿರಬಹುದು, ಸುತ್ತಲಿನವರು ಹಾಡುತ್ತಾರೆ.

ಇಡೀ ಸಭೆಗೆ ಹೇಳಬೇಕಿಲ್ಲ, ಮೂವರನ್ನು ಆರಿಸಿಕೊಳ್ಳಿ: ಸಭಾಪಾಲಕರು, ಗೃಹಕೂಟದ (ಮನೆಯಲ್ಲಿ ಸೇರುವ ಪ್ರಾರ್ಥನಾ ಗುಂಪಿನ) ಒಬ್ಬರು ಅಕ್ಕ ಅಥವಾ ಅಣ್ಣ, ಇದೇ ದಾರಿಯಲ್ಲಿ ನಡೆದುಬಂದ ಮತ್ತೊಬ್ಬರು. “ಪ್ರಾರ್ಥನೆ ಮಾಡಿ” ಎಂದಷ್ಟೇ ಹೇಳಿದರೆ ಅವರಿಗೂ ಏನು ಮಾಡಬೇಕೆಂದು ತಿಳಿಯದು. “ಅಕ್ಕಾ, ಮಂಗಳವಾರ ಹತ್ತಕ್ಕೆ ಡಯಾಲಿಸಿಸ್. ಆ ಹೊತ್ತಿಗೆ 42, 43 ಓದಿ. ಸಾಯಂಕಾಲ ಒಂದು ಪಾತ್ರೆ ಸಾರು ಕಳಿಸಿ” ಎಂದು ಬಿಡಿಸಿ ಹೇಳಬೇಕು. ಮಾರ್ಕ 2ರಲ್ಲಿ ನಾಲ್ವರು ಪಾರ್ಶ್ವವಾಯು ರೋಗಿಯನ್ನು ಹೊತ್ತು, ಚಾವಣಿ ಬಿಚ್ಚಿ ಇಳಿಸಿದಾಗ ಯೇಸು ಕಂಡದ್ದು “ಅವರ” ನಂಬಿಕೆಯನ್ನು. ಹೊರಲು ಜನ ಬೇಕು, ಹೊರಿಸಿಕೊಳ್ಳಲು ಒಪ್ಪುವ ಮನಸ್ಸೂ ಬೇಕು. ಎರಡನೆಯದೇ ನನಗೆ ಕಷ್ಟವಾಯಿತು.

ಕೀರ್ತನೆಯೂ ಬಾಯಿಗೆ ಬಾರದ ರಾತ್ರಿಗಳಿರುತ್ತವೆ. ಆಗ ಹಾಸಿಗೆಯ ಪಕ್ಕದಲ್ಲಿ ಕೂತು, ಉಸಿರು ಎಳೆದುಕೊಳ್ಳುವಾಗ “ಕರ್ತನೇ”, ಬಿಡುವಾಗ “ಕರುಣಿಸು”. ಎಣಿಸುವುದು ಬೇಡ. ಉಳಿದದ್ದನ್ನು ಮಾತಿಲ್ಲದ ನರಳಾಟದಲ್ಲಿ ಪವಿತ್ರಾತ್ಮನೇ ಬೇಡಿಕೊಳ್ಳುತ್ತಾನೆ ಎಂದು ರೋಮಾಪುರದವರಿಗೆ 8:26ರಲ್ಲಿದೆ. ಡ್ರಿಪ್ ಬಾಟಲಿ ಮುಗಿಯುವವರೆಗೆ ಹೀಗೇ ಕೂರುತ್ತಿದ್ದೆ. ನರ್ಸ್ ಬಂದು ಸೂಜಿ ತೆಗೆದ ಮೇಲೆ ಕರ್ತನ ಪ್ರಾರ್ಥನೆಯನ್ನು ಒಮ್ಮೆ ಹೇಳಿ, ದೀಪ ಆರಿಸಿ ಮಲಗುತ್ತಿದ್ದೆ.