ಹಣ್ಣು ಬಿಡುವ ಮೊದಲೇ ಪರಿಮಳ ಹುಡುಕುವುದು

ಸ್ಟ್ರಾಬೆರಿಯಲ್ಲಿ ಎರಡು ತಳಿಗಳನ್ನು ಕ್ರಾಸ್ ಮಾಡಿದರೆ ಸಸಿಗಳಿಗೇನೂ ಬರವಿಲ್ಲ. ಒಂದೊಂದು ಸಸಿಯೂ ಬೇರೆ ಬೇರೆ. ಇಡೀ ರಾಶಿಯಲ್ಲಿ ಒಂದೇ ಒಂದು ಚೆನ್ನಾಗಿದ್ದರೂ ಸಾಕು, ಅದರ ಹಂಬುಗಳಿಂದಲೇ ಮುಂದೆ ಬೇಕಾದಷ್ಟು ಗಿಡ ಮಾಡಬಹುದು. ಆ ಒಂದನ್ನು ಹುಡುಕುವುದೇ ಕಷ್ಟ. ಎಲ್ಲವನ್ನೂ ನೆಟ್ಟು, ಹಣ್ಣು ಬರುವ ತನಕ ಸಾಕಿ, ತಿಂದು ನೋಡುವಷ್ಟು ಜಾಗ ಯಾರ ಹತ್ತಿರ ಇರುತ್ತದೆ?

ನನಗೆ ಬೇಕಿದ್ದದ್ದು ಪರಿಮಳ, ಅದರಲ್ಲೂ ಗಾಮಾ-ಡೆಕಲ್ಯಾಕ್ಟೋನ್. ಪೀಚ್ ಹಣ್ಣಿನಂಥ ವಾಸನೆ ಕೊಡುವ ವಸ್ತು ಇದು. ಕೆಲವು ತಳಿಗಳಲ್ಲಿ ಘಮ್ಮೆನ್ನುತ್ತದೆ, ಕೆಲವದರಲ್ಲಿ ಸುಳಿವೇ ಇಲ್ಲ. ಹೀಗೆ 'ಇದೆ' ಅಥವಾ 'ಇಲ್ಲ' ಅನ್ನುವ ಗುಣ ಸಿಕ್ಕರೆ ತಳಿಗಾರನ ಅದೃಷ್ಟ.

ಕಾರಣ ಹುಡುಕಲು ಜೀನ್ ಎಷ್ಟು ಕೆಲಸ ಮಾಡುತ್ತಿದೆ ಅನ್ನುವುದನ್ನೇ ಅಳೆಯಬೇಕು. ಜೀನ್ ಕೆಲಸ ಮಾಡುವಾಗ ತಯಾರಾಗುವ ಅದರ ನಕಲೇ ಆರ್‌ಎನ್‌ಎ. ಅಂದರೆ ಹಣ್ಣಿನಿಂದ ಆರ್‌ಎನ್‌ಎ ತೆಗೆಯಬೇಕು. ಇಲ್ಲಿ ಅವಸರ ನಡೆಯುವುದಿಲ್ಲ. ಅರೆಬಿಳಿ ಹಣ್ಣು ಮತ್ತು ಪೂರ್ತಿ ಕೆಂಪಾದ ಹಣ್ಣನ್ನು ಒಂದೇ ತಟ್ಟೆಗೆ ಹಾಕಿದರೆ ನಾವು ಅಳೆಯುವುದು ತಳಿಯ ವ್ಯತ್ಯಾಸವನ್ನಲ್ಲ, ಮಾಗಿದ ಹಂತದ ವ್ಯತ್ಯಾಸವನ್ನು. ಹಾಗಾಗಿ ಒಂದೇ ಹದಕ್ಕೆ ಮಾಗಿದ ಹಣ್ಣುಗಳನ್ನು ದಿನದ ಒಂದೇ ಹೊತ್ತಿಗೆ ಕಿತ್ತು, ತಕ್ಷಣ ದ್ರವ ಸಾರಜನಕಕ್ಕೆ ಹಾಕುತ್ತೇನೆ. ಮೇಲಿನ ಬೀಜದಂಥ ಚುಕ್ಕೆಗಳೇ ಇದರ ನಿಜವಾದ ಕಾಯಿಗಳು, ನಾವು ತಿನ್ನುವ ಭಾಗ ಉಬ್ಬಿದ ಹೂತಳ. ಎರಡರಲ್ಲೂ ಕೆಲಸ ಮಾಡುವ ಜೀನ್‌ಗಳು ಬೇರೆ. ಆದ್ದರಿಂದ ಚುಕ್ಕೆಗಳನ್ನು ಕೆರೆದು ತೆಗೆಯುತ್ತೇನೆ. ಬೇಜಾರಿನ ಕೆಲಸ, ಆದರೂ ಬಿಡಲ್ಲ. ಹಣ್ಣಿನಲ್ಲಿ ಸಕ್ಕರೆ ಜಾತಿಯ ಅಂಟು, ಕಂದು ಬಣ್ಣಕ್ಕೆ ತಿರುಗುವ ಪಾಲಿಫಿನಾಲ್ ಎರಡೂ ಜಾಸ್ತಿ. ಕೋಶ ಒಡೆಯುವ ಸಿಟಿಎಬಿ ದ್ರಾವಣಕ್ಕೆ, ಪಾಲಿಫಿನಾಲನ್ನು ಹಿಡಿದಿಡುವ ಪಿವಿಪಿ ಸೇರಿಸದಿದ್ದರೆ ಆರ್‌ಎನ್‌ಎ ಕಂದು ಲೋಳೆಯಾಗಿ ಕೈಗೆ ಬರುತ್ತದೆ.

ಆಮೇಲೆ ಅದೇ ಗಿಡಗಳ ಡಿಎನ್‌ಎ ಜೊತೆ ಹೋಲಿಸಿ, ಯಾವ ಜಾಗದ ವ್ಯತ್ಯಾಸಕ್ಕೆ ಯಾವ ಜೀನಿನ ಪ್ರಮಾಣ ಏರಿಳಿಯುತ್ತದೆ ಅಂತ ನೋಡುವುದು. ಇದಕ್ಕೆ ಇ-ಕ್ಯೂಟಿಎಲ್ ಅನ್ನುತ್ತಾರೆ. ವ್ಯತ್ಯಾಸ ಜೀನಿನ ಪಕ್ಕದಲ್ಲೇ ಇದ್ದರೆ ನನಗೆ ನೆಮ್ಮದಿ, ಅದನ್ನೇ ಮಾರ್ಕರ್, ಅಂದರೆ ಸಸಿ ಆರಿಸುವ ಡಿಎನ್‌ಎ ಗುರುತು, ಮಾಡಬಹುದು. ಎಲ್ಲೋ ದೂರದ ಇನ್ನೊಂದು ಜೀನ್ ಇದನ್ನು ನಡೆಸುತ್ತಿದ್ದರೆ ಪರಿಣಾಮ ಸಾಮಾನ್ಯವಾಗಿ ಸಣ್ಣದು, ಬೆನ್ನು ಹತ್ತಿ ಹೋದರೂ ಸುಮ್ನೆ ಸುಸ್ತು.

ತೋಟದ ಸ್ಟ್ರಾಬೆರಿಯ ತಲೆನೋವು ಬೇರೆಯೇ ಇದೆ. ಏಳು ಕ್ರೋಮೋಸೋಮ್‌ಗಳ ಎಂಟು ಸೆಟ್, ಒಟ್ಟು 56. ಒಂದೇ ಜೀನಿನ ನಾಲ್ಕು ಹತ್ತಿರದ ರೂಪಗಳು ಬೇರೆ ಬೇರೆ ಕ್ರೋಮೋಸೋಮ್‌ಗಳಲ್ಲಿ ಕೂತಿರುತ್ತವೆ, ಜೀನನ್ನು ಹುಡುಕಿ ಅಂಟುವ ಡಿಎನ್‌ಎ ತುಣುಕು, ಅಂದರೆ ಪ್ರೈಮರ್, ಯಾವುದಕ್ಕೆ ಅಂಟಿತು ಅಂತ ಹೇಳುವುದೇ ಕಷ್ಟ. 2019ರಲ್ಲಿ 'ಕಮರೋಸಾ' ತಳಿಯ ಪೂರ್ತಿ ಜೀನೋಮ್ (ಇಡೀ ಡಿಎನ್‌ಎಯ ಓದು) ಬಂದ ಮೇಲೆ ಈ ನಾಲ್ಕನ್ನು ಬೇರ್ಪಡಿಸಿ ನೋಡುವುದು ನಿಜಕ್ಕೂ ಸುಲಭವಾಯಿತು.

ಪೀಚ್ ವಾಸನೆಯ ಲೆಕ್ಕ ಮಾತ್ರ ಸ್ವಚ್ಛ. ಎಫ್‌ಎ-ಎಫ್‌ಎಡಿ1 ಅನ್ನುವ ಜೀನ್ ಇದ್ದರೆ ಮಾಗುವಾಗ ಚುರುಕಾಗುತ್ತದೆ. ವಾಸನೆ ಇಲ್ಲದ ತಳಿಗಳಲ್ಲಿ ಆ ಜೀನೇ ಇಲ್ಲ. ಆಮೇಲೆ ಆರ್‌ಎನ್‌ಎ ಬೇಡ, ಎಳೆ ಎಲೆಯ ಒಂದು ಚೂರು ಸಾಕು, ಬೇಕಾದ ಡಿಎನ್‌ಎ ತುಣುಕನ್ನು ನಕಲು ಮಾಡಿ ತೋರಿಸುವ ಪಿಸಿಆರ್ ಹೇಳಿಬಿಡುತ್ತದೆ. ಒಂದು ಎಚ್ಚರಿಕೆ: ಪಿಸಿಆರ್ ಕೆಟ್ಟರೂ 'ಜೀನ್ ಇಲ್ಲ' ಅನ್ನುವಂತೆಯೇ ಕಾಣುತ್ತದೆ. ಅದಕ್ಕೇ ಅದೇ ಟ್ಯೂಬಿನಲ್ಲಿ ಎಲ್ಲ ಗಿಡದಲ್ಲೂ ಇರುವ ಇನ್ನೊಂದು ಜೀನನ್ನೂ ಓಡಿಸುತ್ತೇನೆ. ಅದು ಬಂದು ಇದು ಬರದಿದ್ದರೆ ಮಾತ್ರ ಸಸಿ ಹೊರಕ್ಕೆ. ತಂದೆ-ತಾಯಿಯಲ್ಲಿ ಒಂದರಲ್ಲಿ ಮಾತ್ರ, ಅದೂ ಒಂದೇ ಪ್ರತಿ ಇದ್ದರೆ ಸುಮಾರು ಅರ್ಧ ಸಸಿಗಳು ಅಲ್ಲೇ ಕಳಚಿಕೊಳ್ಳುತ್ತವೆ.

ಸಿಹಿಗೆ ಈ ಆಟ ನಡೆಯಲ್ಲ. ಅದರಲ್ಲಿ ತುಂಬಾ ಜೀನ್‌ಗಳ ಕೈವಾಡ ಇದೆ, ಜೊತೆಗೆ ಹವಾಮಾನ, ಗಿಡದ ಮೇಲಿನ ಹಣ್ಣಿನ ಹೊರೆ ಬೇರೆ. ಅಲ್ಲಿ ಇಡೀ ಜೀನೋಮ್ ಲೆಕ್ಕ ಹಾಕುವ ಆಯ್ಕೆಯೇ ವಾಸಿ. ಉಳಿದ ಸಸಿಗಳನ್ನು ಹಣ್ಣು ಬಂದಾಗ ಬಾಯಿಗೆ ಹಾಕಿಯೇ ನೋಡಬೇಕು. ಮಾರ್ಕರ್ ಪಾಸಾಗಿಯೂ ಹತ್ತಿಯಂತೆ ಮೆತ್ತಗಿನ ಹಣ್ಣು ಕೊಟ್ಟವು ಇವೆ.

ಈಗ ಅದೇ ಗಿಡಗಳಿಗೆ ಕ್ಯಾರಮೆಲ್ ಥರ ವಾಸನೆ ಕೊಡುವ ಮೆಸಿಫ್ಯುರೇನ್ ಸೇರಿಸಲು ನೋಡುತ್ತಿದ್ದೇನೆ. ಅಲ್ಲಿ ಎಫ್‌ಎ-ಒಎಂಟಿ ಜೀನಿನ ಮುಂಭಾಗದ, ಅದನ್ನು ಶುರು ಮಾಡುವ ಜಾಗದಲ್ಲಿನ ವ್ಯತ್ಯಾಸವೇ ಗುರುತು. ಎರಡೂ ಇರುವ ಸಸಿಗಳು ಟ್ರೇಯಲ್ಲಿ ಇವೆ, ಹಣ್ಣು ಇನ್ನೂ ಬಂದಿಲ್ಲ.