ಸರ್ವರ್ ತಾನಾಗೇ ರೀಸ್ಟಾರ್ಟ್: ಕಳ್ಳ ಸಿಕ್ಕಿದ್ದು ಯುಪಿಎಸ್ ಒಳಗೆ

ಮನೆಯಲ್ಲಿ ಹಳೇ ಡೆಸ್ಕ್‌ಟಾಪ್‌ಗೆ ಉಬುಂಟು ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕಿ ಸರ್ವರ್ ಮಾಡಿಕೊಂಡಿದ್ದೇನೆ. ಎರಡು ತಿಂಗಳಿಂದ ಅದು ಆಗಾಗ ತಾನಾಗೇ ರೀಸ್ಟಾರ್ಟ್ ಆಗುತ್ತಿತ್ತು. ಬಿಸಿ ಜಾಸ್ತಿಯಾಗಿರಬೇಕು ಅಂದುಕೊಂಡು ಫ್ಯಾನಿನ ಧೂಳು ತೆಗೆದೆ, ಪ್ರೊಸೆಸರ್‌ಗೆ ಹೊಸ ಪೇಸ್ಟ್ ಹಚ್ಚಿದೆ, ರಾತ್ರಿಯಿಡೀ ಮೆಮ್‌ಟೆಸ್ಟ್ (ಮೆಮೊರಿ ಪರೀಕ್ಷಿಸುವ ಪ್ರೋಗ್ರಾಂ) ಓಡಿಸಿದೆ, ಒಂದೂ ಎರರ್ ಇಲ್ಲ. ಸುಮ್ನೆ ಒಂದು ಭಾನುವಾರ ಹಾಳು.

ಸಿಸ್ಟಮ್ ತನ್ನ ಆಗುಹೋಗು ಬರೆದಿಡುವ ಲಾಗ್ ನೋಡಿದರೆ ಅದು ತಟ್ಟನೆ ನಿಂತುಹೋಗಿದೆ. ಶಟ್‌ಡೌನ್ ಆದ ಗುರುತಿಲ್ಲ, ಕರ್ನಲ್ ಪ್ಯಾನಿಕ್ (ಸಿಸ್ಟಮ್ಮೇ ಕುಸಿದುಬೀಳುವ ಎರರ್) ಕೂಡ ಇಲ್ಲ. ಯಾರೋ ಪ್ಲಗ್ ಕಿತ್ತ ಹಾಗೆ! ‘ಲಾಸ್ಟ್ ರೀಬೂಟ್’ ಕಮಾಂಡ್ ಕೊಟ್ಟು ರೀಸ್ಟಾರ್ಟ್ ಆದ ದಿನಾಂಕಗಳನ್ನು ಚೀಟಿಯಲ್ಲಿ ಬರೆದುಕೊಂಡಾಗ ಹೊಳೆಯಿತು, ಸರಿಯಾಗಿ 14 ದಿನಕ್ಕೊಮ್ಮೆ, ಅದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ.

ಸರ್ವರ್‌ಗೆ ಕರೆಂಟ್ ಹೋಗುವುದು ಯುಪಿಎಸ್ ಮೂಲಕ, ಅಂದರೆ ಕರೆಂಟ್ ಹೋದಾಗ ಬ್ಯಾಟರಿಯಿಂದ ನಡೆಸುವ ಪೆಟ್ಟಿಗೆ. ನನ್ನ ಯುಪಿಎಸ್ ಎರಡು ವಾರಕ್ಕೊಮ್ಮೆ ತನ್ನನ್ನು ತಾನೇ ಟೆಸ್ಟ್ ಮಾಡಿಕೊಳ್ಳುತ್ತದೆ, ಅಂದರೆ ಕೆಲವು ಸೆಕೆಂಡ್ ಲೋಡನ್ನು ಬ್ಯಾಟರಿ ಮೇಲೆ ಹಾಕುತ್ತದೆ. ಬ್ಯಾಟರಿಯೋ ಐದು ವರ್ಷದ್ದು, ಪಕ್ಕಗಳು ಉಬ್ಬಿ ಹೊರಗೆಳೆಯಲು ಒದ್ದಾಡಬೇಕಾಯಿತು. ಅದು ಕೈಕೊಟ್ಟ ಕ್ಷಣ ಸರ್ವರ್ ಸಾಯುತ್ತಿತ್ತು. ಕರೆಂಟ್ ಬಂದ ಕೂಡಲೇ ಆನ್ ಆಗಲಿ ಅಂತ ಬಯೋಸ್‌ನಲ್ಲಿ (ಕಂಪ್ಯೂಟರ್‌ನ ಮೂಲ ಸೆಟ್ಟಿಂಗ್‌ಗಳಲ್ಲಿ) ಇಟ್ಟಿದ್ದು ನಾನೇ ಅಲ್ವಾ, ಹಾಗಾಗಿ ಅದು ರೀಸ್ಟಾರ್ಟ್ ಥರ ಕಾಣುತ್ತಿತ್ತು.

12 ವೋಲ್ಟ್‌ನ ಹೊಸ ಬ್ಯಾಟರಿ ತಂದು ಹಾಕಿ, ಚಾರ್ಜ್ ಆದ ಮೇಲೆ ಗೋಡೆಯ ಸ್ವಿಚ್ ಆಫ್ ಮಾಡಿದೆ. ಯುಪಿಎಸ್ ಕಿರುಚಿತು, ಸರ್ವರ್ ಮಾತ್ರ ಅಲುಗಾಡಲಿಲ್ಲ.